ಒಂದೇ ಶಬ್ದದ ಹಲವು ಬರಹಗಳು



ಓಲೆಗರಿಯ ಕಟ್ಟನ್ನು ಬಿಚ್ಚಿ ಓದಿದವರಿಗೆಲ್ಲ ಒಂದು ಸಂಗತಿಯು ಅನುಭವಸಿದ್ಧವಾಗಿದೆ. ಒಂದು ಪ್ರತಿಯಲ್ಲಿ 'ಶರಣರು' ಎಂದಿರುವ ಶಬ್ದವು ಮತ್ತೊಂದರಲ್ಲಿ 'ಸರಣರ್' ಎಂದಿರುವದು; 'ಸರ್ವ' ಎಂಬುದು ರೇಫದ ಮುಂದೆ ದ್ವಿತ್ವವನ್ನು ತಾಳಿ 'ಸರ್ವ್ವ' ಎಂದಾಗಿರುವದು; ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಅನೇಕ ವೇಳೆ ಬರಹದಲ್ಲಿ ಭೇದವೇ ತೋರದಿರುವದು. ಇವೆಲ್ಲವೂ ಲಿಪಿಕಾರನ ಅಜ್ಞಾನವಲ್ಲ. ಕೆಲವು ಆ ಕಾಲದ ರೂಢಿ, ಕೆಲವು ಆತನ ನಾಡಿನ ಉಚ್ಚಾರ, ಕೆಲವು ಮಾತ್ರ ಕೈತಪ್ಪು.

ಬಲ್ಲ ಓದುಗನಿಗೆ ಇದರಿಂದ ತೊಡಕಿಲ್ಲ. ಆದರೆ ಈ ಕಾಲದಲ್ಲಿ ವಚನಗಳೂ ಶಾಸನಗಳೂ ಗಣಕಯಂತ್ರದೊಳಗೆ ಸೇರುತ್ತಲಿವೆ. ಯಂತ್ರಕ್ಕೆ ಬೇರೆ ಉಪಾಯವನ್ನು ಕಲಿಸದಿದ್ದರೆ ಅದು ಅಕ್ಷರಕ್ಕೆ ಅಕ್ಷರವು ಹೊಂದಿದಲ್ಲಿ ಮಾತ್ರ 'ದೊರೆಯಿತು' ಎನ್ನುವದು. 'ಶರಣರು' ಎಂದು ಹುಡುಕಿದವನ ಪಾಲಿಗೆ 'ಸರಣರ್' ಎಂದಿರುವ ಗರಿಯು ಇದ್ದೂ ಇಲ್ಲದಂತಾಗುವದು. ಫ. ಗು. ಹಳಕಟ್ಟಿಯವರು ಹಸ್ತಪ್ರತಿಗಳನ್ನು ಹುಡುಕಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಬೆಳಕಿಗೆ ತಂದರು. ಹಾಗೆ ಗೆದ್ದಲಿನ ಬಾಯಿಂದ ಉಳಿದುಬಂದ ನುಡಿಯು ಒಂದು ಅಕ್ಷರದ ಭೇದದಿಂದ ಪುನಃ ಮರೆಯಾದರೆ ಪೂರ್ವಿಕರ ಶ್ರಮಕ್ಕೆ ಫಲವೇನು?

ಈ ತೊಡಕನ್ನು ಬಿಡಿಸಲು ವಿದ್ವಾಂಸರು ಎರಡು ಮಾರ್ಗಗಳನ್ನು ಕಂಡಿದ್ದಾರೆ. ಮೊದಲನೆಯದು ಎಣಿಕೆಯ ಮಾರ್ಗ. ಸೋವಿಯತ್ ದೇಶದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನನು 1965ರಲ್ಲಿ ಇದನ್ನು ನಿರೂಪಿಸಿದನು. ಒಂದು ಶಬ್ದವನ್ನು ಮತ್ತೊಂದಾಗಿ ಮಾಡಲು ಅಕ್ಷರವನ್ನು ಸೇರಿಸಬಹುದು, ತೆಗೆಯಬಹುದು, ಇಲ್ಲವೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಬಹುದು. ಇಂಥ ಕ್ರಿಯೆಗಳು ಕನಿಷ್ಠ ಎಷ್ಟು ಬೇಕೋ ಅಷ್ಟು ಆ ಶಬ್ದಗಳೊಳಗಿನ ದೂರ. ಸಂಧಿಪ್ರಕರಣವನ್ನು ಓದಿದವರಿಗೆ ಇವು ಹೊಸವಲ್ಲ. ಆಗಮ, ಲೋಪ, ಆದೇಶಗಳೇ ಇವು. 'ಸರಣರ್' ಎಂಬುದು 'ಶರಣರು' ಆಗಲು ಸಕಾರಕ್ಕೆ ಶಕಾರವು ಆದೇಶ, ಕಡೆಯಲ್ಲಿ ಉಕಾರವು ಆಗಮ, ದೂರವು 2. 'ಸರ್ವ್ವ'ವು 'ಸರ್ವ' ಆಗಲು ಒಂದು ವಕಾರವು ಲೋಪ, ದೂರವು 1.

ಎರಡನೆಯದು ಧ್ವನಿಯ ಮಾರ್ಗ. ಅಮೇರಿಕದ ರಾಬರ್ಟ್ ರಸ್ಸೆಲನು 1918ರಲ್ಲಿ ಪೇಟೆಂಟು ಪಡೆದ ಕ್ರಮದಿಂದ ಬೆಳೆದುಬಂದ ಸೌಂಡೆಕ್ಸ್ ಎಂಬ ಪದ್ಧತಿಯು ಇದಕ್ಕೆ ನಿದರ್ಶನ. ಹೆಸರಿನ ಮೊದಲನೆಯ ಅಕ್ಷರವನ್ನು ಉಳಿಸಿ, ಮುಂದಿನ ಸ್ವರಗಳನ್ನು ಬಿಟ್ಟು, ಸಮೀಪದ ಉಚ್ಚಾರವುಳ್ಳ ವ್ಯಂಜನಗಳಿಗೆ ಒಂದೇ ಅಂಕಿಯನ್ನು ಕೊಡುವದು ಇದರ ರೀತಿ. ಆದುದರಿಂದ ಸ್ಮಿತ್, ಸ್ಮೈತ್ ಎಂಬ ಎರಡು ಬರಹಗಳು ಒಂದೇ ಗುಂಪಿಗೆ ಬರುವವು. ಆ ದೇಶದ ಜನಗಣತಿಯ ಹೆಸರುಗಳನ್ನು 1930ರ ದಶಕದಲ್ಲಿ ಈ ಕ್ರಮದಿಂದಲೇ ಸೂಚಿಕೆ ಮಾಡಿದರು.

ಈ ಮಾರ್ಗಗಳನ್ನು ಕನ್ನಡಕ್ಕೆ ಹಾಗೆಯೇ ತಂದರೆ ಸಲ್ಲದು. ಸ್ವರಗಳನ್ನು ಬಿಟ್ಟರೆ 'ಕಲ್ಲು', 'ಕಾಲು', 'ಕೋಲು' ಮೂರೂ ಒಂದಾಗುವವು. ಮೊದಲನೆಯ ಅಕ್ಷರವನ್ನೇ ಹಿಡಿದರೆ ಹಳಗನ್ನಡದ 'ಪಾಲ್' ಹೊಸಗನ್ನಡದ 'ಹಾಲು' ಎಂಬುದನ್ನು ಸೇರದು. ಬರಿಯ ಎಣಿಕೆಯೂ ಸಾಲದು. 'ಹಾಲು', 'ಕಾಲು' ಎಂಬ ಸಂಬಂಧವಿಲ್ಲದ ಶಬ್ದಗಳ ದೂರವು 1; 'ವೃಷಭ'ವೆಂಬ ತತ್ಸಮಕ್ಕೂ ಅದರ ತದ್ಭವವಾದ 'ಬಸವ'ಕ್ಕೂ ವರ್ಣಗಳನ್ನು ಬಿಡಿಸಿ ಎಣಿಸಿದರೆ ದೂರವು 4! ಆದುದರಿಂದ ಎಲ್ಲ ಆದೇಶಗಳಿಗೂ ಸಮನಾದ ಬೆಲೆಯನ್ನು ಕಟ್ಟಲಾಗದು. ಶ-ಸ, ಪ-ಹ, ವ-ಬ, ಱ-ರ, ೞ-ಳ ಮುಂತಾಗಿ ಭಾಷೆಯು ತಾನೇ ನಡೆದ ದಾರಿಯಲ್ಲಿ ಕಡಿಮೆ ಬೆಲೆಯನ್ನೂ, ಹ-ಕ ಎಂಬಂಥ ಕಡೆ ಪೂರ್ಣ ಬೆಲೆಯನ್ನೂ ಇಡಬೇಕು. ಆ ದಾರಿಯನ್ನು ತೋರಿಸುವದು ವ್ಯಾಕರಣವೇ ಹೊರತು ಯಂತ್ರವಲ್ಲ.

ಇಷ್ಟಾದರೂ ಒಂದು ಎಚ್ಚರವು ಅವಶ್ಯ. 'ಅೞಿ' ಎಂದರೆ ನಾಶವಾಗು, 'ಅಳಿ' ಎಂದರೆ ದುಂಬಿ. ೞಕಾರವು ಮರೆಯಾಗುತ್ತಲಿದ್ದ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಆ ಅಕ್ಷರವುಳ್ಳ ಶಬ್ದಗಳನ್ನು ಶಬ್ದಮಣಿದರ್ಪಣದಲ್ಲಿ ಎಣಿಸಿ ಹೇಳಿದನು. ಯಂತ್ರದ ಅನುಕೂಲಕ್ಕಾಗಿ ಎರಡನ್ನೂ ಒಂದೇ ಮಾಡಿ ಮೂಲವನ್ನೇ ತಿದ್ದಿಬಿಟ್ಟರೆ ಆತನು ಕಾಯ್ದ ಭೇದವು ಅೞಿದೇಹೋಗುವದು. ಹಾಗೆಯೇ 'ಪಾಲ್' ಎಂಬುದು ಒಂದೆಡೆ ಹಾಲು, ಇನ್ನೊಂದೆಡೆ ಭಾಗ. ಅಲ್ಲಿ ಅಕ್ಷರದ ದೂರವು ಸೊನ್ನೆಯಾದರೂ ಅರ್ಥದ ದೂರವು ಬಹಳ. ಅದನ್ನು ಹಿಂದುಮುಂದಿನ ಮಾತುಗಳಿಂದಲೇ ಅರಿಯಬೇಕು.

ಆದಕಾರಣ ಪ್ರತಿಯಲ್ಲಿರುವ ಪಾಠವನ್ನು ಇದ್ದಂತೆಯೇ ಇಟ್ಟು, ಹುಡುಕುವದಕ್ಕಾಗಿ ಅದರ ಪಕ್ಕದಲ್ಲಿ ಬೇರೊಂದು ಸಂಕೇತವನ್ನು ಇಡುವದು ಯೋಗ್ಯವಾದ ಕ್ರಮ. ಸದೃಶವಾದ ಶಬ್ದಗಳನ್ನೆಲ್ಲ ಕೂಡಿಸಿ ಮುಂದಿಡುವದು ಯಂತ್ರದ ಕೆಲಸ. ಇದು ಅದೇ ನುಡಿಯೋ ಅಲ್ಲವೋ ಎಂದು ನಿರ್ಣಯಿಸುವದು ಓದುವವನ ಕೆಲಸ. ಯಂತ್ರವು ಎಷ್ಟು ಚುರುಕಾದರೂ ಆ ಹೊಣೆಯು ಓದುವವನಿಂದ ಇಳಿಯದು. ಗರಿಯನ್ನು ಓದಬಲ್ಲವರು, ವ್ಯಾಕರಣವನ್ನು ಬಲ್ಲವರು ಇರುವ ತನಕ ಮಾತ್ರ ಈ ಉಪಕರಣಗಳಿಂದ ಉಪಕಾರವುಂಟು. ಆ ವಿದ್ಯೆಯನ್ನು ಕಲಿಯುವ ಕಿರಿಯರು ಪ್ರತಿ ತಲೆಮಾರಿನಲ್ಲಿಯೂ ಹುಟ್ಟಿಬರಲಿ.