ಚೋಮನಿಗೆ ಫಾರಂ 7 ಸಿಗಲಿಲ್ಲ
(ಮೂಡಿಗೆರೆಯ ಹಾಸ್ಟೆಲ್ ಗೆಳೆಯರ ಮುಂದೆ ಮಾಡಿದ ಭಾಷಣ)



ಕಾಫಿ ಸೀಮೆಯಲ್ಲಿ 'ಲಾಸು' ಅನ್ನೋ ಮಾತು ಕೇಳದ ಕಿವಿ ಇಲ್ಲ. ರೇಟು ಬಿದ್ದರೆ ಲಾಸು, ಹೂಮಳೆ ತಪ್ಪಿದರೆ ಲಾಸು, ಗಿಡಕ್ಕೆ ಬೋರರ್ ಬಿದ್ದರೆ ಲಾಸು. ಇದಕ್ಕೆಲ್ಲ ಲೆಕ್ಕ ಇದೆ, ಅರ್ಜಿ ಇದೆ. ಲೈನ್‌ಮನೆಯಲ್ಲಿ ತಲೆಮಾರುಗಟ್ಟಲೆ ಬದುಕಿದ ನಮ್ಮ ಜನ ಏನು ಕಳಕೊಂಡರು ಅನ್ನೋದಕ್ಕೆ ಮಾತ್ರ ಲೆಕ್ಕದ ಪುಸ್ತಕ ಇಲ್ಲ. ನಮ್ಮ ಅಜ್ಜ ಅಜ್ಜಿಯರ ಹೆಸರು ಸಿಗೋದು ಚೆಕ್‌ರೋಲಿನಲ್ಲಿ, ಅದೂ ಹಾಜರಿಗೆ.

ಚರಿತ್ರೆ ಏನು ಹೇಳುತ್ತದೆ? ಬಾಬಾಬುಡನ್ 17ನೇ ಶತಮಾನದಲ್ಲಿ ಏಳು ಬೀಜ ತಂದರು ಅನ್ನೋ ಕಥೆ ಎಲ್ಲರಿಗೂ ಬಾಯಿಪಾಠ. ಆಮೇಲೆ ಬಂದ ದೊರೆಗಳ ಹೆಸರೂ ಸಿಗುತ್ತದೆ. ಗುಂಡಿ ತೋಡಿದವರ ಹೆಸರಿಲ್ಲ.

ಸಾಹಿತ್ಯ ಒಂದು ಹೆಜ್ಜೆ ಮುಂದೆ ಬಂತು. ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಘಟ್ಟದ ಕೆಳಗಿನ ಅಸ್ಪೃಶ್ಯ ಚೋಮನಿಗೆ ಇರೋದು ಒಂದೇ ಆಸೆ, ಸ್ವಂತಕ್ಕೆ ಉಳಬೇಕು. ಧಣಿಯ ತಾಯಿ ಬಿಡೋದಿಲ್ಲ. ತೋಟದ ಸಾಲ ತೀರಿಸೋಕೆ ಅವನ ಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಜ್ವರದಲ್ಲಿ ಸಾಯ್ತಾನೆ, ಇನ್ನೊಬ್ಬ ತಿರುಗಿ ಬರೋದಿಲ್ಲ, ಮಗಳು ಬೆಳ್ಳಿ ಅದೇ ಸಾಲಕ್ಕೆ ಮೈಯನ್ನೇ ತೆರಬೇಕಾಗುತ್ತದೆ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದರು. ಸ್ವರ್ಣಕಮಲ ಬಂತು, ಚೋಮನಾದ ವಾಸುದೇವ ರಾವ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ನೋಡಿದವರು ಅತ್ತರು. ಅಳಲಿ, ತಪ್ಪೇನಿಲ್ಲ.

ಆದರೆ ನಾವು ಒಂದು ಪ್ರಶ್ನೆ ಕೇಳಬೇಕು. ಚೋಮ 1975ರಲ್ಲಿ ಬದುಕಿದ್ದಿದ್ದರೆ ಅವನಿಗೆ ಏನು ಸಿಗುತ್ತಿತ್ತು?

1974ರ ತಿದ್ದುಪಡಿಯಲ್ಲಿ 'ಉಳುವವನೇ ಹೊಲದೊಡೆಯ' ಅಂದರು. ಗೇಣಿದಾರರು ಫಾರಂ 7 ತುಂಬಿ ಕೊಟ್ಟರು, ಎಷ್ಟೋ ಜನಕ್ಕೆ ಭೂಮಿ ದಕ್ಕಿತು. ಸಣ್ಣ ಕೆಲಸ ಅಲ್ಲ ಅದು. ಆದರೆ ಚೋಮ ಗೇಣಿದಾರನಲ್ಲ, ಜೀತದವನು. ಅವನು ಉಳಬಾರದು ಅಂತಲೇ ಅಲ್ಲವಾ ಕಟ್ಟು ಇದ್ದದ್ದು? ಉಳದವನು ಹೊಲದೊಡೆಯ ಹೇಗಾಗ್ತಾನೆ! 1976ರ ಕಾಯಿದೆ ಜೀತ ಬಿಡಿಸಿತು. ಜೀತ ಬಿಟ್ಟವನು ನಿಲ್ಲೋಕೆ ನೆಲ ಎಲ್ಲಿ?

ಇನ್ನು ಘಟ್ಟದ ಮೇಲೆ. ಭೂಮಿತಿ ತೋಟಗಳಿಗೆ ಅನ್ವಯಿಸೋದಿಲ್ಲ ಅಂತ ಅದೇ ಭೂಸುಧಾರಣಾ ಕಾಯಿದೆಯ 104ನೇ ಕಲಮು ಬರೆಯಿತು. ಕೃಷಿಕೂಲಿಯ ವಾಸದ ಮನೆ ಕುರಿತ 38ನೇ ಕಲಮನ್ನೂ ತೋಟದ ಗೇಟಿನ ಹೊರಗೇ ನಿಲ್ಲಿಸಿತು. ಬಯಲಿನಲ್ಲಿ ಧಣಿಯ ಜಾಗದಲ್ಲಿ ಗುಡಿಸಲು ಹಾಕಿಕೊಂಡವನಿಗೆ ಆ ಗುಡಿಸಲಾದರೂ ದಕ್ಕುವ ದಾರಿ ಇತ್ತು. ಕಳಸದ, ಮೂಡಿಗೆರೆಯ ಲೈನಿನವನಿಗೆ ಅದೂ ಇಲ್ಲ. ಕೆಲಸ ಹೋದರೆ ಮನೆಯೂ ಹೋಯ್ತು. ಇತ್ತೀಚೆಗೆ ಇನ್ನೊಂದು ಕಾನೂನು ಬಂದಿದೆ: ಸರ್ಕಾರಿ ಜಮೀನು ಒತ್ತುವರಿ ಮಾಡಿ ತೋಟ ಮಾಡಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ. ನಾವು ಒತ್ತುವರಿ ಮಾಡಲಿಲ್ಲ ನೋಡಿ, ಅದಕ್ಕೇ ನಮಗಿಲ್ಲ.

ಓದಿನ ಮಾತು. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆ ಶಾಲೆಯ ಮಾತೆತ್ತಿತು: ತೋಟದಲ್ಲಿ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ. ಹದಿಮೂರಕ್ಕೆ ಏನು? ಬುಟ್ಟಿ. ಹಣ್ಣು ಕೊಯ್ಯೋದು ನವೆಂಬರಿನಿಂದ ಫೆಬ್ರವರಿವರೆಗೆ, ಪರೀಕ್ಷೆ ಅದರ ಬೆನ್ನಿಗೇ. ಅಮ್ಮ ಕೊಯ್ಲಿಗೆ ಹೋದರೆ ಕೂಸು ನೋಡೋಕೆ ಅಕ್ಕ ಮನೆಯಲ್ಲಿ. ಹಾಸ್ಟೆಲಿಗೆ ಬಂದವನು ತಮ್ಮ. ಈ ಸಭೆಯಲ್ಲಿ ಹುಡುಗಿಯರು ಎಷ್ಟಿದ್ದಾರೆ, ಎಣಿಸಿ.

ಓದಿ ಬಂದವರಲ್ಲೂ ಕೆಲವರು ವಿಳಾಸ ಕೇಳಿದರೆ ಎಸ್ಟೇಟಿನ ಹೆಸರು ಜೋರಾಗಿ ಹೇಳಿ ಲೈನಿನ ನಂಬರ್ ನುಂಗ್ತಾರೆ. ಕೇಳಿದವರು ಸಾಹುಕಾರರ ಮಗ ಅಂದುಕೊಳ್ಳಲಿ ಅಂತ!

ಈ ಸಲ ರಜಕ್ಕೆ ಹೋದಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ಯಾವ ಊರಿಂದ ಬಂದರು, ಯಾವ ವರ್ಷ, ಯಾವ ಮೇಸ್ತ್ರಿ ಎಷ್ಟು ಮುಂಗಡ ಕೊಟ್ಟು ಕರಕೊಂಡು ಬಂದ, ಕೇಳಿ ಬರಕೊಳ್ಳಿ. ಪಿ.ಎಫ್. ಚೀಟಿ, ಹಳೇ ರೇಷನ್ ಕಾರ್ಡು ಏನಿದ್ದರೂ ನಕಲು ಮಾಡಿಕೊಳ್ಳಿ. ನಾಳೆ ಮನೆ ಜಾಗಕ್ಕೆ ಅರ್ಜಿ ಹಾಕಿದರೆ ಎಷ್ಟು ವರ್ಷದಿಂದ ಇದೀರಿ ಅಂತ ಕೇಳೇ ಕೇಳ್ತಾರೆ. ಅಜ್ಜಿಗೆ ಇಸವಿ ನೆನಪಿಲ್ಲದಿದ್ದರೆ ದೊಡ್ಡ ಮಳೆ ಹೊಡೆದ ವರ್ಷ, ಮೊದಲ ಮಗು ಹೋದ ವರ್ಷ ಅಂತ ಏನೋ ಒಂದು ಗುರುತು ಹೇಳ್ತಾಳೆ. ಅದನ್ನೇ ಬರಕೊಂಡು ಬನ್ನಿ.