ಊರನ್ನು ಬೆಳೆಸುವವರು ಯಾರು? ಪನಮರಂ ಕಲಿಸಿದ ಪಾಠ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ನಾವು ವಯನಾಡಿನ ಪನಮರಂ ಕಡೆಯವರು. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮಲಯಾಳ, ಹೀಗೆ ಎರಡು ನುಡಿಗಳ ನಡುವೆ ಬೆಳೆದವರು. ‘ಸರ್ಕಾರ ಮತ್ತು ನಗರಗಳ ಬೆಳವಣಿಗೆ’ ಎಂಬ ವಿಷಯವನ್ನು ನಮಗೆ ಕೊಟ್ಟಿದ್ದೀರಿ. ದೊಡ್ಡ ನಗರಗಳ ಮಾತನ್ನು ಬಲ್ಲವರು ಬಹಳ ಮಂದಿ ಇದ್ದಾರೆ. ನಾವು ನಮ್ಮ ಸಣ್ಣ ಪೇಟೆಯನ್ನೇ ಮುಂದಿಟ್ಟುಕೊಂಡು ಮಾತನಾಡುತ್ತೇವೆ.

ನೆಲ, ನೀರು, ವ್ಯಾಪಾರ ಇದ್ದಲ್ಲಿ ಊರು ತಾನಾಗಿ ಬೆಳೆಯುತ್ತದೆ ಎಂಬುದು ವಾಡಿಕೆಯ ಮಾತು. ಈ ಮಾತು ಪೂರ್ತಿ ನಿಜವಾಗಿದ್ದರೆ ಪನಮರಂ ಇಂದು ಪಟ್ಟಣವಾಗಿರಬೇಕಿತ್ತು. ಹೊಳೆ ನಮ್ಮೂರನ್ನು ಹಾದು ಹೋಗಿ, ಮಾನಂತವಾಡಿಯ ಹೊಳೆಯೊಡನೆ ಕೂಡಿ ಕಬಿನಿಯಾಗಿ ಮೈಸೂರು ಸೀಮೆಗೆ ಇಳಿಯುತ್ತದೆ. ಸುತ್ತ ಗದ್ದೆಬಯಲು, ಹತ್ತಿರದಲ್ಲಿ ಹಳೆಯ ಜೈನ ಬಸದಿಗಳು. ಬ್ರಿಟಿಷರು ತಮ್ಮ ಸೈನಿಕ ಠಾಣೆಗೆ ಆರಿಸಿದ್ದೂ ಇದೇ ಊರನ್ನು. 1802ರ ಅಕ್ಟೋಬರಿನಲ್ಲಿ ಎಡಚೆನ ಕುಂಕನ್ ಮತ್ತು ತಲಕ್ಕಲ್ ಚಂತು ಕುರಿಚ್ಯ ಬಿಲ್ಲಾಳುಗಳೊಡನೆ ಆ ಕೋಟೆಗೆ ನುಗ್ಗಿದ ಕಥೆಯನ್ನು ನಮ್ಮ ಕಡೆ ಮಕ್ಕಳೂ ಹೇಳುತ್ತಾರೆ. ಆದರೂ ಪನಮರಂ ಇಂದಿಗೂ ಗ್ರಾಮ ಪಂಚಾಯಿತಿಯೇ.

ಇದಕ್ಕೆ ಕಾರಣ ಹುಡುಕಿದರೆ ನಕ್ಷೆಯ ಮೇಲೆ ಎಳೆದ ಗೆರೆಗಳು ಕಾಣುತ್ತವೆ. ಮದ್ರಾಸಿನ ಮಲಬಾರು ಜಿಲ್ಲೆಯಲ್ಲಿದ್ದ ವಯನಾಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಬಳಿಕ ಅದನ್ನು ಎರಡಾಗಿ ಹಂಚಿದರು: ಉತ್ತರ ವಯನಾಡು ಕಣ್ಣೂರಿಗೆ, ದಕ್ಷಿಣ ವಯನಾಡು ಕೋಯಿಕ್ಕೋಡಿಗೆ. ಎರಡೂ ಕಡೆಯವರು ದೊಡ್ಡ ಕಚೇರಿಯ ಕೆಲಸಕ್ಕೆ ಘಟ್ಟ ಇಳಿಯಬೇಕಾಯಿತು. 1980ರ ನವೆಂಬರ್ 1ರಂದು ಎರಡನ್ನೂ ಕೂಡಿಸಿ ವಯನಾಡು ಜಿಲ್ಲೆ ಮಾಡಿ, ಕಲ್ಪೆಟ್ಟವನ್ನು ಕೇಂದ್ರವಾಗಿಸಿದರು. ಜಿಲ್ಲಾಧಿಕಾರಿಯ ಕಚೇರಿ ಬಂದಲ್ಲಿಗೆ ವಕೀಲರು, ಬ್ಯಾಂಕು, ಹೋಟೆಲು, ಬಸ್ಸು ಎಲ್ಲವೂ ಬರುತ್ತವೆ. ಹತ್ತು ವರ್ಷಗಳಲ್ಲಿ ಕಲ್ಪೆಟ್ಟ ನಗರಸಭೆಯಾಯಿತು. 2015ರಲ್ಲಿ ಮಾನಂತವಾಡಿ, ಸುಲ್ತಾನ್ ಬತ್ತೇರಿಗಳೂ ಆದವು. ಕೋಯಿಕ್ಕೋಡಿನಿಂದ ಮೈಸೂರು ಸೀಮೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಕಲ್ಪೆಟ್ಟ, ಬತ್ತೇರಿಗಳನ್ನು ಹಾದು ಹೋಯಿತು; ಮೂರು ಪಟ್ಟಣಗಳ ನಡುವೆ ಕುಳಿತ ಪನಮರಂ ದಾರಿಯ ಮಧ್ಯೆ ಸಿಗುವ ಪೇಟೆಯಾಗಿ ಉಳಿಯಿತು.

ಹೆದ್ದಾರಿಯೂ ಸರ್ಕಾರದ ಮಾತಿಗೆ ಕಟ್ಟುಬಿದ್ದದ್ದೇ. ಬಂಡೀಪುರದಲ್ಲಿ 2009ರಿಂದ ರಾತ್ರಿ ಸಂಚಾರ ನಿಂತಿದೆ. ಆನೆಗೂ ಕಾಡಿಗೂ ಅದು ನೆಮ್ಮದಿ. ಬತ್ತೇರಿಯ ವರ್ತಕರಿಗೆ ಇಕ್ಕಟ್ಟು. ಎರಡೂ ಸತ್ಯ. ಯಾರ ನೆಮ್ಮದಿಗೆ ಯಾರ ಇಕ್ಕಟ್ಟು ಎಂದು ತೂಗುವುದೇ ರಾಜಕೀಯ.

ಕನ್ನಡ ನಾಡಿನಲ್ಲಿಯೂ ಇದೇ ನಡೆದಿದೆ. 1898ರ ಪ್ಲೇಗಿನ ಭಯದಲ್ಲಿ ಸರ್ಕಾರ ಅಗಲವಾದ ಬೀದಿಗಳ ಹೊಸ ಬಡಾವಣೆಗಳನ್ನು ಹಾಕಿದ್ದರಿಂದಲೇ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಮೂಡಿದವು. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿಗೆಂದೇ ಒಂದು ಮಂಡಳಿ ಹುಟ್ಟಿತು. ಮೈಸೂರಿನ ಚಂದ ಅರಮನೆಯಿಂದ ಮಾತ್ರ ಬಂದುದಲ್ಲ, ಚರಂಡಿಯ ಲೆಕ್ಕದಿಂದಲೂ ಬಂದುದು.

ಹಾಗಾದರೆ ಪನಮರಂ ನಗರಸಭೆಯಾಗಲಿಲ್ಲವೆಂದು ನಾವು ಮರುಗಬೇಕೇ? ಇಲ್ಲಿ ನಮಗೆ ಎರಡು ಮನಸ್ಸು. 2011ರ ಜನಗಣತಿಯಂತೆ ಕೇರಳದ ಶೇಕಡಾ 47ಕ್ಕೂ ಹೆಚ್ಚು ಜನ ನಗರವಾಸಿಗಳು. ವಯನಾಡಿನಲ್ಲಿ ಶೇಕಡಾ 4ರಷ್ಟೂ ಇರಲಿಲ್ಲ. 2006ರಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಮೊದಲ ಹಂತದಲ್ಲಿಯೇ ವಯನಾಡಿಗೆ ಬಂದು, ಪಣಿಯ ಮುಂತಾದ ಆದಿವಾಸಿ ಕುಟುಂಬಗಳಿಗೂ ಬಡ ಕೂಲಿಗಳಿಗೂ ಆಸರೆಯಾಯಿತು. ಆ ಯೋಜನೆ ಹಳ್ಳಿಗಳಿಗೆ ಮೀಸಲಾಗಿತ್ತು. ಊರಿನ ಹಲಗೆಯ ಮೇಲೆ ‘ನಗರಸಭೆ’ ಎಂದು ಬರೆದ ದಿನ ಅಂಗಡಿಯವನಿಗೆ ಹಿಗ್ಗು, ಕೂಲಿಯವಳಿಗೆ ದಿಗಿಲು. ಹೊಳೆದಂಡೆಯ ಗದ್ದೆಗಳು ಮಣ್ಣು ತುಂಬಿಸಿಕೊಂಡು ಕಟ್ಟಡಗಳಾದರೆ ಮಳೆಯ ನೀರು ಎಲ್ಲಿಗೆ ಹೋಗಬೇಕು? ಗದ್ದೆ ಉಳಿಸಲು 2008ರಲ್ಲಿಯೇ ಕೇರಳ ಕಾನೂನು ಮಾಡಿತು. ಆದರೆ ಕಾನೂನನ್ನು ಕಾಯುವವರು ಊರಿನವರೇ. 2024ರ ಜುಲೈ 30ರ ಭೂಕುಸಿತದ ಬಳಿಕ ಮುಂಡಕ್ಕೈ, ಚೂರಲ್‌ಮಲೆಯ ಸಂತ್ರಸ್ತರಿಗೆಂದು ಕಲ್ಪೆಟ್ಟದ ತೋಟವೊಂದರಲ್ಲಿ ಸರ್ಕಾರವೇ ಹೊಸ ಊರು ಕಟ್ಟಲು ತೊಡಗಿತು. ಎಲ್ಲಿ ಕಟ್ಟಬಾರದೆಂಬುದನ್ನು ಮೊದಲೇ ಹೇಳುವುದೂ ಸರ್ಕಾರದ ಹೊಣೆ; ಕೇಳುವುದು ನಮ್ಮ ಹೊಣೆ.

ಈ ಮಾತನ್ನು ಶಾಲೆಯಲ್ಲಿ ಏಕೆ ಆಡುತ್ತಿದ್ದೇವೆ? ಊರನ್ನು ಬೆಳೆಸುವ ಗೆರೆಯೇ ಶಾಲೆಯನ್ನೂ ಉಳಿಸುತ್ತದೆ ಅಥವಾ ಅಳಿಸುತ್ತದೆ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಲ್ಲಿಯೇ ಹೇಳಿದೆ. ವಿಧಿಯಿದ್ದ ಮಾತ್ರಕ್ಕೆ ತರಗತಿ ತುಂಬುವುದಿಲ್ಲ. ಮಕ್ಕಳ ಸಂಖ್ಯೆ, ಶಿಕ್ಷಕರ ಹುದ್ದೆ, ಬಸ್ಸಿನ ದಾರಿ ಇವೆಲ್ಲ ಯಾವುದೋ ಕಡತದಲ್ಲಿ ನಿರ್ಧಾರವಾಗುತ್ತವೆ. ಆ ಕಡತವನ್ನು ಓದಿ ಪ್ರಶ್ನಿಸುವವರಿಲ್ಲದ ಊರಿನಲ್ಲಿ ನುಡಿಯೂ ಸದ್ದಿಲ್ಲದೆ ಹಿಂಜರಿಯುತ್ತದೆ.

ಕೇರಳದ ಕಾನೂನಿನಂತೆ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ನೂರಕ್ಕೆ ಹತ್ತು ಮಂದಿಯಾದರೂ ಕೂಡಬೇಕು. ಮಿಕ್ಕ ತೊಂಬತ್ತು ಮಂದಿಯಲ್ಲಿ ನಾವೂ ಎಷ್ಟೋ ಸಲ ಇದ್ದೆವು. ಕಾಫಿ ಕೊಯ್ಲು, ಮದುವೆ, ಮಳೆ ಎಂದು ನೆಪ ಹೇಳಿದೆವು. ಆಮೇಲೆ ‘ನಮ್ಮೂರಿಗೆ ಏನೂ ಬರಲಿಲ್ಲ’ ಎಂದು ಚಹಾದಂಗಡಿಯಲ್ಲಿ ಕುಳಿತು ದೂರಿದೆವು. ಈ ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳುತ್ತೇವೆ.

ನೂರು ವರ್ಷಗಳಿಂದ ಈ ಶಾಲೆ ಅಕ್ಷರ ಕಲಿಸಿದೆ. ಇಲ್ಲಿ ಕಲಿತವರು ತಮ್ಮ ಊರಿನ ಯೋಜನೆಯ ಹಾಳೆಯನ್ನು ಓದಿ, ತಿಳಿಯದ್ದನ್ನು ನಿಂತು ಕೇಳಿದರೆ ಆ ಅಕ್ಷರದ ಋಣ ತೀರೀತು. ಊರು ದೊಡ್ಡದಾಗಲಿ, ಸಣ್ಣದಾಗಿಯೇ ಉಳಿಯಲಿ. ಅದನ್ನು ನಿರ್ಧರಿಸುವ ಸಭೆಯಲ್ಲಿ ನಮ್ಮವರೂ ಕುಳಿತಿರಲಿ.