ಒಂದೇ ಹೊಲ, ಎರಡು ಹಿಸ್ಸೆ



ಒಣದ್ರಾಕ್ಷಿಯ ಚಿತ್ರೀಕರಣಕ್ಕೆಂದು ತಿಕೋಟಾಕ್ಕೆ ಹೋಗಿದ್ದಾಗ ಬಬಲೇಶ್ವರದ ಕಾಲೇಜು ಹುಡುಗನೊಬ್ಬ ಕೇಳಿದ: “ಸರ್, ಮನ್ಯಾಗ ಹಳೇ ಲ್ಯಾಪ್‌ಟಾಪ್ ಐತ್ರಿ. ಲಿನಕ್ಸ್ ಕಲೀಬೇಕಂದ್ರ ವಿಂಡೋಸ್ ತಗೀಲೇಬೇಕೇನ್ರಿ? ಅಪ್ಪಾರ ದ್ರಾಕ್ಷಿ ಲೆಕ್ಕ ಎಲ್ಲಾ ಅದರಾಗ ಐತ್ರಿ.” ತೆಗೆಯಬೇಕಾಗಿಲ್ಲ. ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಇಟ್ಟುಕೊಂಡು, ಯಂತ್ರ ಶುರುವಾಗುವಾಗ ಬೇಕಾದುದನ್ನು ಆರಿಸಿಕೊಳ್ಳಬಹುದು. ಇದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ.

ಇದು ಅವನೊಬ್ಬನ ಪ್ರಶ್ನೆಯಲ್ಲ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಹಲವು ವಿಂಡೋಸ್ 11ರ ಷರತ್ತುಗಳಿಗೆ ಒಗ್ಗುವುದಿಲ್ಲ. ಇತ್ತ ನುಡಿಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳಿಗೆ ವಿಂಡೋಸೇ ಸಲೀಸು. ಹಾಗೆಂದು ಲಿನಕ್ಸಿನಲ್ಲಿ ಕನ್ನಡ ಇಲ್ಲವೆಂದಲ್ಲ. ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೂ ಇದೆ.

ಡಿಸ್ಕನ್ನು ಒಂದು ಹೊಲವೆಂದುಕೊಳ್ಳಿ. ಪಾರ್ಟಿಶನ್ ಎಂದರೆ ಹಿಸ್ಸೆ. ಯಾವ ಹಿಸ್ಸೆ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಪಹಣಿಯೇ ಪಾರ್ಟಿಶನ್ ಟೇಬಲ್. ಈಗ ಇಡೀ ಹೊಲ ವಿಂಡೋಸಿನದು. ಅದರೊಳಗಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಬದುವನ್ನು ಹಿಂದೆ ಸರಿಸಿ ಒಂದಿಷ್ಟು ಜಾಗ ಬಿಡಿಸಿಕೊಳ್ಳಿ. 50 ಜಿಬಿ ಇದ್ದರೆ ನೆಮ್ಮದಿ. ಲಿನಕ್ಸ್ ಅಲ್ಲಿ ಬಂದು ಕೂತು, ಗ್ರಬ್ ಎಂಬ ಸಣ್ಣ ಪ್ರೋಗ್ರಾಮನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ. ಯಾರ ಕಡೆ ಹೋಗಬೇಕೆಂದು ಕೇಳುವುದು ಅದೇ. ವಿಂಡೋಸನ್ನು ಮೊದಲು, ಲಿನಕ್ಸನ್ನು ಆಮೇಲೆ ಹಾಕಬೇಕು. ವಿಂಡೋಸ್ ತಡವಾಗಿ ಬಂದರೆ ತನ್ನ ಆಳನ್ನೇ ಬಾಗಿಲಿಗೆ ನಿಲ್ಲಿಸುತ್ತದೆ. ಆ ಆಳು ಲಿನಕ್ಸಿನ ಹೆಸರೆತ್ತುವುದಿಲ್ಲ.

ಲಿನಕ್ಸ್ ಹಾಕುವಾಗ ಒಂದು ಪರದೆಯಲ್ಲಿ ಎರಡು ಆಯ್ಕೆಗಳು ಬರುತ್ತವೆ: ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸುವುದು, ಇಲ್ಲವೇ ಡಿಸ್ಕನ್ನೆಲ್ಲ ಅಳಿಸಿ ಸ್ಥಾಪಿಸುವುದು. ಬಿ.ಎಸ್ಸಿ. ಓದಿದವನೆಂಬ ಜಂಬದಲ್ಲಿ ನಾನೊಮ್ಮೆ, ವಿಜಯಪುರದ ವಸತಿಗೃಹದಲ್ಲಿ ರಾತ್ರಿ ಹನ್ನೊಂದರ ನಿದ್ದೆಗಣ್ಣಿನಲ್ಲಿ, ಎರಡನೆಯದನ್ನು ಒತ್ತಿಬಿಟ್ಟೆ. ಒಣದ್ರಾಕ್ಷಿ ಶೆಡ್ಡುಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಆರು ಗಂಟೆಯ ಧ್ವನಿಮುದ್ರಣ ಹೋಯಿತು. ಬೇರೆ ಪ್ರತಿ ಇರಲಿಲ್ಲ. ಮರುವರ್ಷ ಹೋದಾಗ ಮಿಕ್ಕವರೆಲ್ಲ ಮತ್ತೆ ಮಾತನಾಡಿದರು. ಅಜ್ಜಿಯೊಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು.

ಆದ್ದರಿಂದ ಆ ಹುಡುಗನಿಗೆ ಹೇಳಿದೆ: ಮೊದಲು ಅಪ್ಪನ ಲೆಕ್ಕವನ್ನು ಹೊರಗಿನ ಡಿಸ್ಕಿಗೆ ನಕಲಿಸು, ನಕಲಿಸಿದರೆ ಸಾಲದು, ಬೇರೊಂದು ಯಂತ್ರದಲ್ಲಿ ತೆರೆದು ನೋಡು. ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಡು. ಫಾಸ್ಟ್ ಸ್ಟಾರ್ಟಪ್ ಆರಿಸು. ಅದು ಇದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿರುತ್ತದೆ, ಆಗ ಲಿನಕ್ಸಿನಿಂದ ಅದರ ಹಿಸ್ಸೆಯಲ್ಲಿ ಬರೆದರೆ ಕಡತ ಕೆಡಬಹುದು. ಬ್ಯಾಟರಿ ತುಂಬಿರಲಿ. ಬದು ಸರಿಸುವಾಗ ಕರೆಂಟು ಹೋಗಬಾರದು, ನಮ್ಮ ಕಡೆ ಕರೆಂಟಿನ ಮಾತು ನಿಮಗೇ ಗೊತ್ತು! ಏನನ್ನೂ ಅಳಿಸುವ ಮೊದಲು ಪೆನ್‌ಡ್ರೈವಿನಿಂದಲೇ ಲಿನಕ್ಸ್ ನಡೆಸಿ, ವೈಫೈ, ಧ್ವನಿ ಎಲ್ಲ ಕೆಲಸ ಮಾಡುತ್ತವೆಯೇ ಎಂದು ನೋಡಿಕೊ.

ಎರಡು ವಾರದ ಬಳಿಕ ಅವನ ಫೋನು ಬಂತು. ಲೆಕ್ಕವೆಲ್ಲ ಇದ್ದಲ್ಲೇ ಇದೆ, ಆದರೆ ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದಂತೆ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಸಾಮಾನ್ಯವಾಗಿ ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಸ್ಥಳೀಯ ಸಮಯವನ್ನೇ ಇಡುವಂತೆ ಲಿನಕ್ಸಿಗೆ ಒಂದು ಆಜ್ಞೆ ಕೊಟ್ಟರೆ ಸರಿಹೋಗುತ್ತದೆ. ಅದನ್ನು ಅವನೇ ಹುಡುಕಿಕೊಂಡ.